ಹನ್ನೆರಡು ಡಬ್ಬಿಗಳಲ್ಲಿ ಒಂದು

ಅವನ ಬಲಗೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದವಳು ಹೆಬ್ಬೆರಳಿನ ಬುಡಕ್ಕೆ ಬಂದಾಗ ಕೈ ನಿಲ್ಲಿಸಿದಳು. ಅಲ್ಲೊಂದು ಗುರುತಿತ್ತು. ಅರ್ಧ ಬಟಾಣಿಯಷ್ಟು ಅಗಲ, ನಡುವೆ ಬೆಳ್ಳಗೆ ಗುಳಿ ಬಿದ್ದು, ಅಂಚಿನಲ್ಲಿ ಕಪ್ಪಾಗಿತ್ತು.

ನೀರಿನ ಬೋಗುಣಿ ಹಿಡಿದು ಎದುರಿಗೆ ಕೂತಿದ್ದ ಗಂಡನ ಅಕ್ಕ, ಯಾಕೆ ನಿಲ್ಲಿಸಿದೆ ಎಂದು ಕೇಳಿದಳು. ಅವಳು ಗುರುತು ತೋರಿಸಿದಳು.

"ಅದೇನು ಹೊಸದಾ? ಇವನ ಕೈಯಲ್ಲಿ ಸುಡದೇ ಇರೋ ಜಾಗ ಎಲ್ಲಿತ್ತು ಹೇಳು. ಮದುವೆ ದಿನಾನೂ ಬೆರಳಿಗೆ ಬಟ್ಟೆ ಸುತ್ಕೊಂಡೇ ಕೂತಿದ್ದ."

ಅದು ನಿಜ. ಇಪ್ಪತ್ತಾರು ವರ್ಷ ಟೀವಿ ರಿಪೇರಿ ಮಾಡಿದ ಕೈ. ಬೆಸುಗೆಯ ಕಾದ ಕಡ್ಡಿ ತಗಲಿ ತಗಲಿ ಬೆರಳುಗಳ ಚರ್ಮ ಹಳೆಯ ಚಪ್ಪಲಿಯಂತೆ ಆಗಿತ್ತು. ಆದರೆ ಕಡ್ಡಿ ತಗಲಿದರೆ ಗಾಯ ಉದ್ದಕ್ಕೆ, ಕೆಂಪಗೆ ಏಳುತ್ತದೆ. ಈ ದುಂಡನೆಯ ಗುಳಿ ಕಡ್ಡಿಯದಲ್ಲ ಎಂದು ಅವಳಿಗೆ ಗೊತ್ತಾಯಿತು. ಆ ಕಡ್ಡಿಯನ್ನು ಅವಳೂ ಹಿಡಿದವಳು.

ಅವನು ಸತ್ತದ್ದು ಹಿಂದಿನ ದಿನ ಸಂಜೆ, ಎರಡು ಬೀದಿ ಆಚೆ, ದರ್ಜಿಯ ಮನೆಯ ತಾರಸಿಯ ಮೇಲೆ. ಗಾಳಿಗೆ ತಿರುಗಿದ ಆಂಟೆನಾ ಸರಿ ಮಾಡಲು ಹತ್ತಿದವನು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಕಟ್ಟೆಗೆ ಒರಗಿ ಕೂತಿದ್ದನಂತೆ, ದಣಿವಾರಿಸಿಕೊಳ್ಳುವವನ ಹಾಗೆ. ಡಾಕ್ಟರು ಬಂದು, ಹೃದಯ ನಿಂತಿದೆ ಎಂದರು. ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ.

ಅವಳು ಬಟ್ಟೆ ಹಿಂಡಿ, ಆ ಕೈಯನ್ನು ಅಂಗೈ ಕೆಳಗಾಗುವಂತೆ ಎದೆಯ ಮೇಲೆ ಇಟ್ಟಳು. ಅದರ ಮೇಲಿಂದ ತನ್ನ ಕೈ ತೆಗೆಯಲಿಲ್ಲ. ದುಃಖಕ್ಕೆ ಎಂದುಕೊಂಡು ಅತ್ತಿಗೆ ಅವಳ ಬೆನ್ನು ಸವರಿದಳು.

*

ಊರಿಗೆ ಕೇಬಲ್ ಬಂದ ಹೊಸದರಲ್ಲಿ ಎಲ್ಲರ ಮನೆಯಲ್ಲೂ ಒಂದೇ ಜಗಳ. ಟೀವಿಯ ಹಿಂದೆ ಇದ್ದದ್ದು ಒಂದೇ ತೂತು. ವಾರ್ತೆ ಬೇಕಾದರೆ ಆಂಟೆನಾದ ತಂತಿ ಚುಚ್ಚಬೇಕು, ಸಿನಿಮಾ ಬೇಕಾದರೆ ಅದನ್ನು ಕಿತ್ತು ಕೇಬಲ್ ಚುಚ್ಚಬೇಕು. ಕಿತ್ತೂ ಚುಚ್ಚೀ ತೂತು ಸಡಿಲವಾಗಿ ಕೊನೆಗೆ ಎರಡೂ ನಿಲ್ಲುತ್ತಿರಲಿಲ್ಲ. ಕೆಲವರು ತಾವೇ ಜಾಣರಾಗಿ ಎರಡೂ ತಂತಿಗಳನ್ನು ಹೊಸೆದು ಒಟ್ಟಿಗೆ ತುರುಕಿದರು. ಆಗ ತೆರೆಯ ಮೇಲೆ ಒಬ್ಬೊಬ್ಬರಿಗೂ ಎರಡೆರಡು ಮೂಗು ಬಂದವು.

ಅವನು ಅದಕ್ಕೊಂದು ಡಬ್ಬಿ ಮಾಡಿದ. ಎರಡು ಕಡೆಯಿಂದ ತಂತಿ ಒಳಗೆ, ಒಂದು ಕಡೆಯಿಂದ ಹೊರಗೆ. ಒಳಗೆ ಬಳೆಯಂಥ ಒಂದು ಚಿಕ್ಕ ಉಂಗುರಕ್ಕೆ ಸುತ್ತಿದ ತಾಮ್ರ, ಒಂದೊಂದು ತಂತಿಯ ದಾರಿಗೂ ಒಂದೊಂದು ಕಂಡೆನ್ಸರ್. ಅಂದಿನಿಂದ ಅವನ ನಿಜವಾದ ಹೆಸರು ಹೋಗಿ ಊರಿಗೆಲ್ಲ ಜಾಯಿಂಟಣ್ಣ ಆದ.

ಅವಳು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಒಂದು ಮಧ್ಯಾಹ್ನ ಸುಮ್ಮನೆ ನೋಡುತ್ತ ಕೂತಿದ್ದಾಗ ಅವನೇ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. ವಾರದೊಳಗೆ ಅವಳ ಬೆಸುಗೆ ಅವನದಕ್ಕಿಂತ ನಯವಾಯಿತು. ಅವನದು ಮೇಣ ಸುರಿದ ಹಾಗೆ ದಪ್ಪ. ಅವಳದು ಮೂಗುಬೊಟ್ಟಿನ ಹಾಗೆ ದುಂಡಗೆ, ಹೊಳೆಯುತ್ತ. ಅವನು ಅದನ್ನು ಹೋದಲ್ಲೆಲ್ಲ ಹೇಳುತ್ತಿದ್ದ. ನನ್ನ ಹೆಂಡತಿ ಹಾಕಿದ ಜಾಯಿಂಟು ಬಿಟ್ಟರೆ ನನ್ನ ಮೀಸೆ ಬೋಳಿಸಿ ಎನ್ನುತ್ತಿದ್ದ.

ಕಂಡೆನ್ಸರ್ ಯಾಕೆ ಎಂದು ಅವಳು ಕೇಳಿದ್ದಳು.

"ಅದು ಬಾಗಿಲಲ್ಲಿ ಕೂತ ಮುದುಕಿ ಇದ್ದ ಹಾಗೆ," ಎಂದಿದ್ದ. "ಚಿತ್ರವನ್ನ ಒಳಗೆ ಬಿಡ್ತಾಳೆ. ಕರೆಂಟು ಬಂದ್ರೆ ಅಲ್ಲೇ ನಿಲ್ಲಿಸ್ತಾಳೆ."

ಹಳೆಯ ಟೀವಿಗಳ ಸಂಗತಿಯನ್ನೂ ಹೇಳಿದ್ದ. ಪ್ಲಗ್ಗಿಗೆ ಎರಡೇ ಕಡ್ಡಿ. ಒಂದು ರೀತಿ ಹಾಕಿದರೆ ಒಳಗಿನ ತಗಡು ಸುಮ್ಮನಿರುತ್ತದೆ. ತಿರುಗಿಸಿ ಹಾಕಿದರೆ ಅದೇ ತಗಡಿನಲ್ಲಿ ಕರೆಂಟು ಹರಿಯುತ್ತದೆ. ಮುದುಕಿ ಇಲ್ಲದೇ ಇದ್ದರೆ ಅದು ತಂತಿ ಹಿಡಿದು ನೆಟ್ಟಗೆ ತಾರಸಿಗೆ ಹೋಗುತ್ತದೆ, ಆಂಟೆನಾದ ಕಂಬಕ್ಕೆ.

*

ಹನ್ನೊಂದು ಗಂಟೆಗೆ ನಡುಮನೆ ತುಂಬಿತು. ಹೆಣ ಒಯ್ಯುವ ವಾಹನ ಮಧ್ಯಾಹ್ನಕ್ಕೆ ಬರುವುದಿತ್ತು, ತರಲು ದರ್ಜಿಯೇ ಹೋಗಿದ್ದ. ಗೋಡೆಗೆ ಒರಗಿ ಕೂತ ಗಂಡಸರು ಮೊದಲು ಕೆಮ್ಮಿದರು, ಆಮೇಲೆ ಬಿಸಿಲಿನ ಮಾತಾಡಿದರು, ಆಮೇಲೆ ಸತ್ತವನ ಮಾತಿಗೆ ಬಂದರು. ಕೇಬಲ್‌ನವನೂ ಬಂದಿದ್ದ. ಅವನೂ ಸತ್ತವನೂ ಬೀದಿಯಲ್ಲಿ ನಿಂತು ಜಗಳವಾಡಿದ್ದನ್ನು ನೋಡದವರಿರಲಿಲ್ಲ.

ಜಗಳಕ್ಕೆ ಕಾರಣ ಆ ಡಬ್ಬಿಯದೊಂದು ಗುಣ. ಎರಡು ತಂತಿ ಸೇರಿದ ಮೇಲೆ ಕೇಬಲ್ಲಿನ ಚಿತ್ರ ಸ್ವಲ್ಪ ಸ್ವಲ್ಪ ಆಂಟೆನಾ ಹತ್ತಿ ಗಾಳಿಗೆ ಸೋರುತ್ತಿತ್ತು. ದರ್ಜಿಯ ಎದುರುಮನೆಯ ಕ್ಷೌರದಂಗಡಿಯವನು ಕೇಬಲ್ ಹಾಕಿಸದೆಯೇ ಆರು ತಿಂಗಳು ಸಿನಿಮಾ ನೋಡಿದ್ದ.

"ಮಂಜು ಮಂಜಾಗಿ ಬರ್ತಿತ್ತು ಅಷ್ಟೆ," ಎಂದ ಕ್ಷೌರದಂಗಡಿಯವನು, ಹೆಣದ ಮುಂದೆ ಪ್ರಮಾಣ ಮಾಡುವವನಂತೆ.

"ಮಂಜಿನಲ್ಲೇ ಹಾಡು ಪೂರ್ತಿ ಬಾಯಿಪಾಠ ಮಾಡಿದ್ಯಲ್ಲ ಮಾರಾಯ," ಎಂದ ಕೇಬಲ್‌ನವನು. ಹೇಳಿ, ಕಣ್ಣು ಒರೆಸಿಕೊಂಡ.

ಒಂದಿಬ್ಬರು ನಕ್ಕರು. ಒಳಬಾಗಿಲ ಬಳಿ ಕೂತಿದ್ದ ಅವಳಿಗೆ ಆ ಮಾತುಗಳು ದೂರದಿಂದ ಬಂದಂತೆ ಕೇಳಿದವು. ದರ್ಜಿಯ ಮನೆಗೆ ಡಬ್ಬಿ ಹೋದದ್ದು ಯಾವಾಗ? ಮೊದಲನೆಯ ವರ್ಷವೋ, ತಾನೊಬ್ಬಳೇ ಮಾಡಿದ ಆ ಹನ್ನೆರಡರ ಜೊತೆಗೋ? ಅವಳು ಲೆಕ್ಕ ಹಾಕುವುದು, ಬಿಡುವುದು, ಮತ್ತೆ ಮೊದಲಿನಿಂದ ಹಾಕುವುದು ಮಾಡಿದಳು. ಪ್ರತಿ ಸಲವೂ ಕಣ್ಣು ಅವನ ಮುಚ್ಚಿಟ್ಟ ಅಂಗೈಗೆ ಹೋಗುತ್ತಿತ್ತು.

*

ಹನ್ನೆರಡು ಡಬ್ಬಿಗಳನ್ನು ಅವಳೊಬ್ಬಳೇ ಮಾಡಿದ್ದು ಹನ್ನೊಂದು ವರ್ಷದ ಹಿಂದೆ. ಅವನು ಬೇರೆ ಊರಿಗೆ ಹೋಗಿದ್ದ. ಸಂಜೆಗೆ ಬಂದು ನೋಡುತ್ತೇನೆ ಎಂದಿದ್ದ. ಕೊನೆಯದಕ್ಕೆ ಬಂದಾಗ ಉಳಿದಿದ್ದ ಒಂದೇ ಕಂಡೆನ್ಸರ್, ಆಂಟೆನಾ ಕಡೆಯದು, ಬೇಳೆಯಷ್ಟು ಚಿಕ್ಕದು, ಕೈಜಾರಿ ಬಿತ್ತು. ಬೆಳಕು ಹಿಡಿದು ಹುಡುಕಿದಳು, ಪೊರಕೆಯಿಂದ ಎಳೆದಳು, ಚಾಪೆ ಕೊಡವಿದಳು. ಸಿಗಲಿಲ್ಲ. ಬಾಗಿಲಲ್ಲಿ ಅವನ ಸೈಕಲ್ಲು ನಿಂತ ಸದ್ದಾಯಿತು.

ಅವಳು ಒಂದು ತುಂಡು ತಂತಿ ಕತ್ತರಿಸಿ, ಕಂಡೆನ್ಸರ್ ಕೂರಬೇಕಾದ ಜಾಗದಲ್ಲಿ ಬೆಸೆದು, ಮುಚ್ಚಳ ಹಾಕಿದಳು.

ಅವನು ಒಂದೊಂದನ್ನೂ ಟೀವಿಗೆ ಹಚ್ಚಿ ನೋಡಿದ. ಹನ್ನೆರಡರಲ್ಲೂ ಚಿತ್ರ ಬಂತು. ಒಂದರಲ್ಲಂತೂ ಉಳಿದವಕ್ಕಿಂತ ಸ್ವಚ್ಛವಾಗಿ ಬಂತು. ಇದನ್ನು ನೋಡೇ, ನನ್ನ ಕೈಯಲ್ಲಿ ಇಂಥದ್ದು ಒಂದೂ ಆಗಿಲ್ಲ ಎಂದ. ಬೆಳಿಗ್ಗೆ ಹೇಳಿದರಾಯಿತು ಎಂದು ಅವಳು ಮಲಗಿದಳು. ಬೆಳಿಗ್ಗೆ ಏಳುವಷ್ಟರಲ್ಲಿ ಅವನು ಹನ್ನೆರಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿದ್ದ.

ಆಮೇಲೆ ಹೇಳಲಾಗಲಿಲ್ಲ. ಹೇಳಿದ್ದರೆ ಅವನು ಬೈಯುತ್ತಿರಲಿಲ್ಲ. ಸುಮ್ಮನೆ ಕಡ್ಡಿಯನ್ನು ವಾಪಸು ತೆಗೆದುಕೊಳ್ಳುತ್ತಿದ್ದ, ಅಷ್ಟೆ. ಕಡ್ಡಿ ಹಿಡಿದಾಗಲೇ ಅವಳಿಗೆ ತಾನೂ ಒಂದಿಷ್ಟು ಓದಿದವಳು ಅನ್ನಿಸುತ್ತಿದ್ದದ್ದು. ಮೊದಲೆರಡು ವರ್ಷ ಯಾರ ಮನೆಯಲ್ಲಿ ಸಾವಾಯಿತು ಎಂದು ಕೇಳಿದರೂ, ಹೇಗೆ ಸತ್ತರು ಎಂದು ವಿಚಾರಿಸುತ್ತಿದ್ದಳು. ಏನೂ ಆಗಲಿಲ್ಲ. ಹೆದರಿಕೆ ಹಳೆಯ ಪಾತ್ರೆಯ ಹಾಗೆ ಅಟ್ಟ ಸೇರಿತು.

*

ದರ್ಜಿಯ ಹೆಂಡತಿ ಬಂದಳು. ಬಂದವಳೇ ಅವಳ ಪಕ್ಕ ಕುಸಿದು, ನಮ್ಮ ಮನೆಗೆ ಬಂದೇ ಹೀಗಾಯ್ತಲ್ಲ ಅಕ್ಕಾ ಎಂದು ಅತ್ತಳು. ಅಳುತ್ತಳುತ್ತಲೇ ನಿನ್ನೆಯದನ್ನೆಲ್ಲ ಹೇಳಿದಳು. ಬೆಳಿಗ್ಗೆ ಟೀವಿಯ ಹಿಂದೆ ಗುಡಿಸುವಾಗ ಪ್ಲಗ್ಗು ಕಳಚಿ ಬಿದ್ದದ್ದು, ತಾನೇ ಮತ್ತೆ ಹಾಕಿದ್ದು, ಸಂಜೆ ಗಾಳಿಗೆ ಚಿತ್ರ ಹೋದದ್ದು, ಜಾಯಿಂಟಣ್ಣನಿಗೆ ಹೇಳಿ ಕಳಿಸಿದ್ದು.

ಅವಳು ದರ್ಜಿಯ ಹೆಂಡತಿಯ ಮೊಣಕೈ ಹಿಡಿದಳು. "ಪ್ಲಗ್ಗು ಮೊದಲು ಹೇಗಿತ್ತೋ ಹಾಗೇ ಹಾಕಿದ್ಯಾ?"

"ಅಂದ್ರೆ? ಪ್ಲಗ್ಗಿಗೆ ಹಾಗೆ ಹೀಗೆ ಅಂತ ಇರುತ್ತಾ ಅಕ್ಕಾ?"

"ನಿಮ್ಮ ಮನೆಗೆ ಡಬ್ಬಿ ಹಾಕಿದ್ದು ಯಾವಾಗ?"

ದರ್ಜಿಯ ಹೆಂಡತಿ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. ದೊಡ್ಡ ಮಗಳು ಹುಟ್ಟಿದ ವರ್ಷ ಎಂದಳು. ಆ ಮಗಳಿಗೆ ಈಗ ಹನ್ನೊಂದು.

ಅವಳು ಮಾಡಿದ ಹನ್ನೆರಡೂ ಹೋದದ್ದು ಅದೇ ವರ್ಷ. ನಿಮ್ಮ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದಳು.

"ಮಾವ ಒಬ್ಬರೇ. ಅವರಿಗೆ ನೆನಪು ನಿಲ್ಲಲ್ಲ ಅಲ್ವಾ. ಅಣ್ಣ ಹೋಗ್ಬಿಟ್ಟ ಅಂತ ಬೆಳಿಗ್ಗೆಯಿಂದ ಮೂರು ಸಲ ಹೇಳಿದೀನಿ. ಟೀವಿ ಹಾಕ್ಕೊಂಡು ಕೂತಿದ್ದಾರೆ. ಬರೀ ಚುಕ್ಕೆ ಬರ್ತಿದೆ, ಮೇಲೆ ಹೋಗಿ ಕಂಬ ತಿರುಗಿಸ್ತೀನಿ ಅಂತಿದ್ರು. ಬೇಡ ಅಂತ ಹೇಳಿ ಬಂದೆ."

ಅವಳು ಎದ್ದಳು. ಅತ್ತಿಗೆ ಬಂದು ತೋಳು ಹಿಡಿದಳು. ಹೆಣ ಮನೆಯಲ್ಲಿರುವಾಗ ಎಲ್ಲಿಗೆ ಹೊರಟೆ, ಜನ ಏನೆಂದುಕೊಳ್ಳುತ್ತಾರೆ, ಏನು ಬೇಕೋ ಹೇಳು, ಯಾರನ್ನಾದರೂ ಕಳಿಸುತ್ತೇನೆ ಎಂದಳು. ತಲೆನೋವಾಗಿದೆ ಎನ್ನಬಹುದಿತ್ತು. ಗಾಳಿ ಬೇಕು ಎನ್ನಬಹುದಿತ್ತು. ಎಲ್ಲವೂ ಬಾಯಿಗೆ ಬಂದು ಹೋದವು. ಆ ತೋಳು ಬಿಡಿಸಿಕೊಳ್ಳಲು ಅವು ಯಾವುವೂ ಸಾಲುತ್ತಿರಲಿಲ್ಲ.

"ಅವರ ಮನೆ ಡಬ್ಬಿ ಮಾಡಿದ್ದು ನಾನು," ಎಂದಳು. "ಒಂದರಲ್ಲಿ ಕಂಡೆನ್ಸರ್ ಹಾಕಲಿಲ್ಲ. ಬರೀ ತಂತಿ ಹಾಕಿದೆ. ಅದೇ ಇರಬೇಕು. ಇವರಿಗೆ ಹೊಡೆದದ್ದು ಕರೆಂಟು."

ನಡುಮನೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಮೆಲ್ಲಗೆ ಹೇಳಿದರು. ಕೇಬಲ್‌ನವನಿಗೊಬ್ಬನಿಗೆ ಅರ್ಥವಾಯಿತು. ಗೋಡೆ ಹಿಡಿದು ಎದ್ದು ನಿಂತ.

"ಅವರನ್ನ ಬಿಡಿ ಅಕ್ಕಾ," ಎಂದ ಅತ್ತಿಗೆಗೆ. "ಬಿಡಿ, ಹೋಗ್ಲಿ."

ಅವಳು ಚಪ್ಪಲಿ ಇಲ್ಲದೆ ಬೀದಿಗೆ ಇಳಿದಳು. ಮೊದಲು ಬೇಗ ನಡೆದಳು, ಆಮೇಲೆ ಓಡಿದಳು. ಐವತ್ತು ದಾಟಿದ ಹೆಂಗಸು ಸೆರಗು ಬಿಟ್ಟು ಓಡುವುದನ್ನು ಅಂಗಡಿಗಳವರು ಎದ್ದು ನಿಂತು ನೋಡಿದರು. ಹಿಂದೆ ಕೇಬಲ್‌ನವನು ಏದುಸಿರು ಬಿಡುತ್ತ, ಕಂಬ ಮುಟ್ಟಬೇಡಿ, ಒಳಗೆ ಹೋಗಿ ಪ್ಲಗ್ಗು ಕೀಳಿ ಎಂದು ಕೂಗುತ್ತ ಬರುತ್ತಿದ್ದ. ತಿರುವಿನಲ್ಲಿ ದರ್ಜಿಯ ಮನೆ ಕಂಡಿತು. ತಾರಸಿಯ ಮೇಲೆ ಆಂಟೆನಾ ಓರೆಯಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಾಗಿಲು ತೆರೆದೇ ಇತ್ತು. ಟೀವಿ ಸೀಟಿಯಂಥ ಸದ್ದು ಮಾಡುತ್ತ ಬಿಳಿ ಚುಕ್ಕೆಗಳನ್ನು ಚೆಲ್ಲುತ್ತಿತ್ತು. ಎದುರಿನ ಕುರ್ಚಿ ಖಾಲಿ. ಕುರ್ಚಿಯ ಕೆಳಗೆ ಮುದುಕನ ಚಪ್ಪಲಿಗಳು ಮಾತ್ರ ಇದ್ದವು. ತಲೆಯ ಮೇಲೆ, ತಾರಸಿಯಲ್ಲಿ, ಬರಿಗಾಲಿನ ಹೆಜ್ಜೆಗಳು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದ್ದವು.

ಅವಳು ಟೀವಿಯ ಹಿಂದೆ ಕೈ ತೂರಿಸಿದಳು. ಪ್ಲಗ್ಗು ಸಿಗಲಿಲ್ಲ. ಧೂಳು ಸಿಕ್ಕಿತು, ತಂತಿ ಸಿಕ್ಕಿತು. ಮೇಲೆ ಹೆಜ್ಜೆ ನಿಂತಿತು. ಅವಳು ಆ ತಂತಿಯನ್ನೇ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಪ್ಲಗ್ಗು ಗೋಡೆಯಿಂದ ಕಿತ್ತು ಬಂದು ಅವಳ ಮೊಣಕಾಲಿಗೆ ಬಡಿಯಿತು. ಚುಕ್ಕೆಗಳು ಒಂದೇ ಬಿಂದುವಾಗಿ, ಬಿಂದುವೂ ಹೋಯಿತು.

ಮೇಲೆ ಕಬ್ಬಿಣ ಕರ್ ಎಂದು ತಿರುಗಿದ ಸದ್ದು.

ಕೇಬಲ್‌ನವನು ಒಳಗೆ ಬಂದ. ಮೊದಲು ಅವಳ ಕೈಯ ಪ್ಲಗ್ಗು ನೋಡಿದ, ಆಮೇಲೆ ಕೂತು ಜೇಬಿನ ಸ್ಕ್ರೂಡ್ರೈವರಿನಿಂದ ಡಬ್ಬಿಯ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದ. ಒಳಗೆ ಧೂಳಿನ ನಡುವೆ ಬೆರಳುಗುರಿನಷ್ಟು ಉದ್ದದ ತಂತಿ. ಎರಡೂ ತುದಿಯಲ್ಲಿ ಎರಡು ದುಂಡು ಬೆಸುಗೆ, ಇವತ್ತು ಹಾಕಿದಂತೆ ಹೊಳೆಯುತ್ತಿದ್ದವು. ಅವನು ಮುಚ್ಚಳವನ್ನು ಮತ್ತೆ ಹಾಕಿ, ಅವಳ ಮುಖ ನೋಡದೆ, ಡಬ್ಬಿಯನ್ನು ನೆಲದ ಮೇಲೆ ಇಟ್ಟ.

ಮೇಲಿನಿಂದ ಮುದುಕನ ಧ್ವನಿ ಬಂತು.

"ಬಂತೇನೋ, ಜಾಯಿಂಟೂ?"

ಕಂಬ ಇನ್ನೊಂದಿಷ್ಟು ತಿರುಗಿತು.

"ಈಗ? ಈಗ ಬಂತಾ?"

ಅವಳು ಪ್ಲಗ್ಗನ್ನು ಎದೆಗೆ ಒತ್ತಿಕೊಂಡು, ಕತ್ತಲಾದ ಗಾಜಿನ ಮುಂದೆ ಕೂತು, ಚಾವಣಿಯ ಕಡೆಗೆ ಮುಖ ಎತ್ತಿದಳು. ಬಾಯಿ ತೆರೆದಳು. ಮೇಲೆ ಮುದುಕ ಕಂಬ ಹಿಡಿದುಕೊಂಡೇ ಉತ್ತರಕ್ಕೆ ಕಾಯುತ್ತಿದ್ದ.