ಹುರುಪೆಯ ಹಿಂಬದಿ

“ಕತ್ತರಿ ಮುಟ್ಟದೆ ನಲವತ್ತು ಮಕ್ಕಳು ಆಳುದ್ದದ ಕಾಗದದ ಮೀನು ಮಾಡಿದ್ರು ಕಣೇ! ಅಷ್ಟೂ ಶಾಲೆಗಳಲ್ಲಿ ಅದಕ್ಕೇ ಮೊದಲ ಬಹುಮಾನ,” ಎಂದು ತಂಗಿ ಮೊಮ್ಮಗಳ ಕಿವಿಯಲ್ಲಿ ಹೇಳುತ್ತಿದ್ದಂತೆಯೇ ಆ ಮೀನು ಬಾಗಿಲಿನಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. ಒಂದು ತುದಿಯಲ್ಲಿ ಶಾಲೆಯ ಜವಾನ, ಇನ್ನೊಂದರಲ್ಲಿ ನಿವೃತ್ತ ಹೆಡ್‌ಮಾಸ್ತರರು. ನಡುಮನೆಯಲ್ಲಿ ಅಕ್ಕ, ಮೂವತ್ತು ವರ್ಷ ಒಂದನೇ ತರಗತಿಗೆ ಕಾಗದ ಹರಿದು ಅಂಟಿಸುವುದನ್ನು ಕಲಿಸಿದ ‘ಚೂರು ಟೀಚರ್’, ಹೂವಿನ ಕೆಳಗೆ ಮಲಗಿದ್ದಳು.

“ಓರೆ ಮಾಡೋ, ಓರೆ! ಬಾಲ ಹರಿದೀತು,” ಎಂದು ಗದರಿ ಹೆಡ್‌ಮಾಸ್ತರರು ಗಾಜಿಲ್ಲದ ಆ ಚೌಕಟ್ಟನ್ನು ಗೋಡೆಗೆ ಒರಗಿಸಿದರು. ಮೀನಿನ ಕೆಳಗೆ ಅಂಟಿಸಿದ ಕಾಗದದ ಪಟ್ಟಿ: ‘ರಚನೆ: ಮುಖ್ಯೋಪಾಧ್ಯಾಯರು’.

“ಪಾಪ, ಟೀಚರ್ ನನಗೆ ತುಂಬಾ ನೆರವಾದ್ರು,” ಎಂದು ಅವರು ನೆರೆದವರಿಗೆ ಹೇಳಿದರು. “ಕಲ್ಪನೆ ನಂದು, ಅಂಟು ಕಲಸಿದ್ದು ಅವರು. ಅವರ ನೆನಪಿಗೆ ಇದನ್ನ ಶಾಲೆಗೇ ಕೊಡ್ತಿದೀನಿ.”

ತಂಗಿ ಹಲ್ಲು ಕಚ್ಚಿದಳು. ಇಪ್ಪತ್ತೇಳು ವರ್ಷ ನುಂಗಿಕೊಂಡದ್ದು ಸಾಕೆನಿಸಿತು.

*

ಮೀನು ಮಾಡಿದ ಆ ವರ್ಷ ಹುಡುಗಿಯೊಬ್ಬಳು ಇನ್ನೊಬ್ಬಳ ಜಡೆ ಕತ್ತರಿಸಿದಳೆಂದು ಹೆಡ್‌ಮಾಸ್ತರರು ಕತ್ತರಿಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಬಣ್ಣದ ಕಾಗದ ದುಂದೆಂದು ಅದನ್ನೂ ನಿಲ್ಲಿಸಿದರು. ಅಕ್ಕನ ಬಳಿ ಉಳಿದದ್ದು ಒಂದೇ ಬಗೆಯ ಕಾಗದ: ಅವರೇ ಕೆಂಪು ಶಾಯಿಯಲ್ಲಿ ಬರೆದು ಅವಳಿಗೆ ಕಳಿಸಿದ ಮೆಮೊಗಳು, ದಪ್ಪನೆಯದೊಂದು ಕಟ್ಟು. ಮಕ್ಕಳು ಅವುಗಳ ಖಾಲಿ ಬೆನ್ನಿಗೆ ಬಣ್ಣ ಬಳಿದು, ಉಗುರಿನಿಂದ ಗೀರಿ, ಅಂಗೈಯಗಲ ಹರಿದರು. ಆ ಚೂರುಗಳೇ ಮೀನಿನ ಮೈಯ ಹುರುಪೆ; ಅವು ಎದ್ದು ಕಾಣಬೇಕೆಂದು ಅಕ್ಕ ಮೇಲಂಚಿಗೆ ಮಾತ್ರ ಅಂಟು ಹಚ್ಚಿಸಿದಳು.

ಬಹುಮಾನ ಬಂದ ಮರುದಿನವೇ ಪಟ್ಟಿ ಬಂತು. ಮೀನು ಹೆಡ್‌ಮಾಸ್ತರರ ಕುರ್ಚಿಯ ಹಿಂದಿನ ಗೋಡೆ ಏರಿತು; ಅವರು ನಿವೃತ್ತರಾದಾಗ ಅವರ ಜೊತೆಗೇ ಅವರ ಮನೆಗೂ ಹೋಯಿತು.

“ಹೋಗಿ ಮುಖಕ್ಕೆ ಹೇಳ್ಬಾರ್ದಾ ಅಕ್ಕಾ?”

“ಹೇಳಿದ್ರೆ ಚಿತ್ರದ ಪೀರಿಯಡ್ಡೇ ತೆಗೆದುಹಾಕ್ತಾರೆ. ಮಕ್ಕಳ ಗತಿ?” ಅಕ್ಕ ಬೆರಳಿನ ಒಣ ಅಂಟನ್ನು ಕೆರೆಯುತ್ತ ನಕ್ಕಿದ್ದಳು. “ದಿನಾ ಅದರ ಕೆಳಗೇ ಕೂತ್ಕೊಳ್ತಾರೆ, ಕೂತ್ಕೊಳ್ಳಲಿ. ನಾನು ಹೋದ್ಮೇಲೆ ನಿನ್ನಿಷ್ಟ. ಸುಮ್ನೆ ಮಾತ್ರ ಬಿಡಬೇಡ.”

*

ತಂಗಿ ಎದ್ದು ಹೋಗಿ ಮೀನಿನ ಹೊಟ್ಟೆಯ ಒಂದು ಹುರುಪೆಯನ್ನು ಎತ್ತಿ ಹಿಡಿದಳು. “ಸಾರ್, ನನ್ನ ಕನ್ನಡಕ ಒಳಗಿದೆ. ಇಲ್ಲೇನೋ ಬರೆದಿದೆ, ಎಲ್ಲರಿಗೂ ಕೇಳೋ ಹಾಗೆ ಓದ್ತೀರಾ?”

ಹೆಡ್‌ಮಾಸ್ತರರು ಬಗ್ಗಿ, ಭಾಷಣದ ಧ್ವನಿಯಲ್ಲೇ ಓದಿದರು: “‘ಕಾಗದ ಹರಿಯುವುದು ಪಾಠವಲ್ಲ. ಈ ಹುಚ್ಚಾಟವನ್ನು ಕೂಡಲೇ ನಿಲ್ಲಿಸ...’” ಧ್ವನಿ ಇಳಿಯಿತು.

“ಸಹಿ ಪಕ್ಕದ ಹುರುಪೆಯಲ್ಲಿದೆ ಸಾರ್. ಯಾರದು ನೋಡಿ.”

“ಆ ಬಾಲ ನಾನು ಅಂಟಿಸಿದ್ದು,” ಎಂದಳು ಹಿಂದಿನಿಂದ, ಅಕ್ಕನನ್ನು ಕೊನೆಯವರೆಗೂ ನೋಡಿಕೊಂಡಿದ್ದ ನರ್ಸ್, ಅವಳ ಹಳೆಯ ವಿದ್ಯಾರ್ಥಿನಿ. “ನಿಮ್ಮನ್ನ ಆ ಕೋಣೇಲಿ ನಾವು ಒಂದಿನಾನೂ ನೋಡ್ಲಿಲ್ಲ ಸಾರ್.”

ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಹೆಡ್‌ಮಾಸ್ತರರ ಕಿವಿ ಕೆಂಪಾಯಿತು. “ಎತ್ತೋ, ನಡಿ,” ಎಂದರು ಜವಾನನಿಗೆ.

ಜವಾನ ಕೈ ಕಟ್ಟಿಕೊಂಡ. “ಶಾಲೆಗೆ ಕೊಟ್ಟಾಯ್ತಲ್ಲ ಸಾರ್.”

ಅವರು ತಮ್ಮ ಚಪ್ಪಲಿ ಯಾವುದೆಂದು ಹುಡುಕಿ ಮೆಟ್ಟಿಕೊಂಡು ಹೊರಟರು. ತಂಗಿ ಅಕ್ಕನ ಮುಖದತ್ತ ತಿರುಗಿ, ಹಣೆಯ ಮೇಲಿನ ಕೂದಲನ್ನು ಸರಿಪಡಿಸಿದಳು.

ಗೋಡೆಯ ಬುಡದಲ್ಲಿ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತು ಪಟ್ಟಿಯ ಅಂಚಿಗೆ ಉಗುರು ತೂರಿಸಿದ್ದಳು. ‘ರಚನೆ: ಮುಖ್ಯೋ’ ಎಂಬಷ್ಟು ಸುರುಳಿಯಾಗಿ ಎದ್ದು ಬಂದಿತ್ತು.

“ಕತ್ತರಿ ಮುಟ್ಟದೆ ಹೇಗೆ ಮಾಡಿದ್ರು,” ಎಂದಳು, ಗೀರುವುದನ್ನು ನಿಲ್ಲಿಸದೆ, “ಮೊದಲಿಂದ ಇನ್ನೊಂದ್ಸಲ ಹೇಳಜ್ಜೀ.”