ಕೆಂಚನಿಗೊಂದು ಒಪ್ಪಿಗೆ

ಸಾರುವೆ ಕುಸಿದು ಗೆಳೆಯ ಶಾಮಸುಂದರ ಕಣ್ಣೆದುರೇ ಸತ್ತ ಮೇಲೆ ಹೊನ್ನಪ್ಪ ಕಟ್ಟಡ ಕೆಲಸದ ಸೈಟಿಗೆ ಹೋಗುವುದನ್ನು ಬಿಟ್ಟ. ಗದಗ ಕಡೆಯ ಈ ಎಂಜಿನಿಯರ್ ದುಬೈಗೆ ಬಂದು ವರ್ಷಗಳಾಗಿದ್ದವು. ಈಗ ಸಣ್ಣ ಸದ್ದಿಗೂ ಅವನ ಕೈ ನಡುಗುತ್ತಿತ್ತು. ಮಿರ್ದಿಫ್‌ನ ಖಾಲಿ ಮರಳುಜಾಗದಲ್ಲಿ ಸಿಕ್ಕ ನಾಯಿ ಕೆಂಚ ಮನೆಗೆ ಬಂದ ಮೇಲೆ ಸ್ವಲ್ಪ ಚೇತರಿಸಿಕೊಂಡ. ನಡುಕ ಶುರುವಾದರೆ ಕೆಂಚ ಬಂದು ತೊಡೆಯ ಮೇಲೆ ತಲೆಯಿಡುತ್ತಿತ್ತು.

ಒಂದು ದಿನ ಕಟ್ಟಡದ ಮ್ಯಾನೇಜರ್, ಮಂಗಳೂರಿನ ಇಮ್ತಿಯಾಜ್, ಬಾಗಿಲಿಗೆ ಬಂದ. "ಕಂಪ್ಲೇಂಟ್ ಬಂದಿದೆ ಮಾರಾಯ್ರೆ. ಒಂದೋ ನಾಯಿಯನ್ನು ಬಿಡಬೇಕು, ಇಲ್ಲ ಮನೆ ಬಿಡಬೇಕು. ನಾನೆಂತ ಮಾಡುವುದು ಹೇಳಿ?"

ಅವನು ಹೋದ ಮೇಲೆ ಹೆಂಡತಿ ಶಾಂತವ್ವ ಹೇಳಿದಳು. "ಮನಸ್ಸಿನ ಡಾಕ್ಟರ್ ಕಡೆ ಹೋಗೂಣು. ನಾಯಿ ಯಾಕ ಬೇಕಂತ ಅವರ ಬರದು ಕೊಡ್ಲಿ."

"ನಾ ಏನ್ ಹುಚ್ಚನೇನ?"

"ನಿದ್ದಿ ಬರದವರೂ ಹೋಗ್ತಾರ ಅಲ್ಲಿ. ನಡೀರಿ."

ಜುಮೇರಾ ಲೇಕ್ ಟವರ್ಸ್‌ನ ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲ ಮನೋವೈದ್ಯೆ ಮಿಸ್ರಿಯಾ ನಾಯಿಯ ವಿಷಯ ಮೊದಲು ಎತ್ತಲೇ ಇಲ್ಲ. ಆ ದಿನ ಏನಾಯಿತೆಂದು ಕೇಳಿದರು. ಹೊನ್ನಪ್ಪ ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದ, ಬಿಕ್ಕಿ ಬಿಕ್ಕಿ ಅತ್ತ. ಅವರು ಮದ್ದು ಶುರುಮಾಡಿದರು, ಮತ್ತೂ ಕೆಲವು ಭೇಟಿಗಳಾದ ಮೇಲೆ ಪತ್ರ ಬರೆದುಕೊಟ್ಟರು.

"ಈ ಪತ್ರ ನೋಡಿ ಮನೆ ಮಾಲೀಕರು ಒಪ್ಪಲೇಬೇಕು ಅಂತ ಇಲ್ಲ. ಕೇಳಿ ನೋಡಬಹುದು ಅಷ್ಟೆ. ಮತ್ತೆ, ಮದ್ದು ಬಿಡಬೇಡಿ. ನಾಯಿ ಒಂದೇ ಸಾಕಾಗುವುದಿಲ್ಲ."

ಪತ್ರ ಓದಿದ ಇಮ್ತಿಯಾಜ್ ದನಿ ತಗ್ಗಿಸಿದ. "ಇದು ನಮ್ಮೊಳಗೇ ಇರಲಿ. ಮಾನಸಿಕ ಅಂತ ಗೊತ್ತಾದರೆ ಜನ ಹೆದರ್ತಾರೆ. ನಾಯಿ ಬಾಲ್ಕನಿಯಲ್ಲಿರಲಿ. ಸಾಮಾನಿನ ಲಿಫ್ಟಲ್ಲಿ, ಯಾರೂ ಇಲ್ಲದಾಗ ಇಳಿಸಿ. ನಾನು ಕಂಡೂ ಕಾಣದ ಹಾಗೆ ಇರ್ತೇನೆ."

ಶಾಂತವ್ವನಿಗೆ ಜೀವ ಬಂದಂತಾಯಿತು. ಆದರೆ ಹೊನ್ನಪ್ಪ ಅಡ್ಡಡ್ಡ ತಲೆಯಾಡಿಸಿದ.

"ಬ್ಯಾಡ್ರಿ. ಕದ್ದು ಇಟ್ಕೋಳಾಕ ನಾ ಡಾಕ್ಟರ್ ಕಡೆ ಹೋಗಿಲ್ಲ. ನನಗ ಜಡ್ಡೈತಿ, ನಾಯಿ ಬೇಕು ಅಂತ ಮಾಲೀಕರಿಗೆ ನೇರ ಹೇಳ್ರಿ. ಬಾಯಿಗೆ ಕುಕ್ಕೆ ಕಟ್ತೀನಿ, ಹಗ್ಗ ಬಿಡೂದಿಲ್ಲ, ಹೊಲಸು ಮಾಡಿದ್ರ ನಾನ ಬಳೀತೀನಿ. ಮುಚ್ಚಿಡೂದು ಮಾತ್ರ ಆಗೂದಿಲ್ಲ."

"ಅವರು ಒಪ್ಪದಿದ್ದರೆ?"

"ಗಂಟುಮೂಟಿ ಕಟ್ತೀವಿ. ಮೂರೂ ಮಂದಿ."

ಮನೆಯ ಒಡತಿ, ವಯಸ್ಸಾದ ಎಮಿರಾತಿ ಹೆಂಗಸು, ತಾನೇ ನೋಡಲು ಬಂದಳು. ಇಮ್ತಿಯಾಜ್ ಪತ್ರವನ್ನು ಅರಬಿಯಲ್ಲಿ ವಿವರಿಸತೊಡಗಿದ. 'ಕಾಯಿಲೆ' ಎನ್ನುವಲ್ಲಿ ಅವನು ತಡವರಿಸಿದಾಗ ಹೊನ್ನಪ್ಪ ತನ್ನ ನಡುಗುವ ಕೈಗಳನ್ನು ಅವಳೆದುರು ಚಾಚಿ ತೋರಿಸಿದ. ಅವಳು ಆ ಕೈಗಳನ್ನು ನೋಡಿದಳು, ಪಕ್ಕದಲ್ಲಿ ಕೂತ ನಾಯಿಯನ್ನೂ ನೋಡಿದಳು. ಕುಕ್ಕೆ, ಹಗ್ಗ ಕಡ್ಡಾಯ ಎಂದಳು. ದೂರು ಮತ್ತೆ ಬಂದರೆ ಮಾತು ಬೇರೆ ಎಂದೂ ಎಚ್ಚರಿಸಿದಳು. "ಖಲಾಸ್," ಮಾತು ಮುಗಿಯಿತು ಎಂದು ಎದ್ದಳು. ಒಪ್ಪಿಗೆಯನ್ನು ಇಮ್ತಿಯಾಜ್‌ನಿಂದ ಬರೆಸಿ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಹೊನ್ನಪ್ಪ ಕೆಂಚನೊಂದಿಗೆ ಎಲ್ಲರೂ ಬಳಸುವ ಲಿಫ್ಟಿನಲ್ಲೇ ಇಳಿದ. ಕೆಳಗಿನ ಮಹಡಿಯಲ್ಲಿ ಬಾಗಿಲು ತೆರೆದಾಗ, ಹತ್ತಲು ನಿಂತಿದ್ದ ನೆರೆಯವನೊಬ್ಬ ಮುಖ ಸಿಂಡರಿಸಿ, ಮುಂದಿನದರಲ್ಲಿ ಬರುತ್ತೇನೆಂದು ಹಿಂದೆ ಸರಿದ.

"ನಿಮ್ಮಿಷ್ಟ ರೀ," ಎಂದು ಹೊನ್ನಪ್ಪ ಗುಂಡಿ ಒತ್ತಿದ.