ಗಿಡ್ಡ ಹಗಲು ಕಂಡ ತಾಯಿ

ಕೀಟಗಳ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ನೀಲಿ ನೊಣ ಸಾಕುತ್ತಿದ್ದ ಅವಳನ್ನು ಎಲ್ಲರೂ ನೊಣದಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನೊಣಗಳಿಗೆ ಹಸಿ ಲಿವರ್ ಇಡಬೇಕು. ಆ ವಾಸನೆ ಎಷ್ಟು ತೊಳೆದರೂ ಕೈ ಬಿಡದು. ಊಟದ ಕೋಣೆಯಲ್ಲಿ ಅವಳ ಬೆಂಚಿನಲ್ಲಿ ಯಾವಾಗಲೂ ಜಾಗವಿರುತ್ತಿತ್ತು, ಕೂರುವವರು ಇರಲಿಲ್ಲ.

ಅವಳ ವಶದಲ್ಲಿ ನೊಣ ಸಾಕುವ ಎರಡು ಬೀರು. ಒಂದರಲ್ಲಿ ದೀಪ ದಿನಕ್ಕೆ ಹದಿನಾರು ತಾಸು ಉರಿಯುತ್ತಿತ್ತು, ಇನ್ನೊಂದರಲ್ಲಿ ಹತ್ತೇ ತಾಸು. ಎರಡೂ ಕಡೆಯ ತಾಯಂದಿರ ಮೊಟ್ಟೆಗಳನ್ನು ಒಂದೇ ತಣ್ಣನೆಯ ಕೋಣೆಯಲ್ಲಿ ಬೆಳೆಸಿದರೂ, ಉದ್ದ ಹಗಲು ಕಂಡವರ ಹುಳುಗಳು ನೊಣವಾಗಿ ಹಾರಿದವು. ಗಿಡ್ಡ ಹಗಲು ಕಂಡವರ ಹುಳುಗಳು ಮರದ ಹೊಟ್ಟಿನೊಳಗೆ ಹಾಗೇ ಮಲಗಿಬಿಟ್ಟವು. ಪ್ರಯೋಗಾಲಯ ನಡೆಸುತ್ತಿದ್ದ ಮೇಡಂ ನಿವೃತ್ತರಾಗುವ ಮೊದಲು ಅವಳಿಗೆ ಹೇಳಿದ್ದರು: "ಚಳಿಗಾಲ ಬರ್ತಿದೆ ಅಂತ ತಾಯಿಗೆ ಗೊತ್ತಾಗುತ್ತೆ. ಹೊಟ್ಟೇಲಿರುವಾಗಲೇ ಮಕ್ಕಳಿಗೆ ತಡೀರಿ ಅಂತ ಹೇಳಿ ಕಳಿಸ್ತಾಳೆ."

ಅವರ ಜಾಗಕ್ಕೆ ಹೊಸ ಸಾಹೇಬರು ಬಂದ ವಾರವೇ ಮಲಗಿದ ಹುಳುಗಳ ತಟ್ಟೆ ನೋಡಿ ಮೂಗು ಮುಚ್ಚಿಕೊಂಡರು. "ಮೂರು ತಿಂಗಳಿಂದ ಹೀಗೇ ಬಿದ್ದಿವೆಯಂತೆ. ಸತ್ತಿವೆ. ಎಸೀರಿ."

"ಸತ್ತಿಲ್ಲ ಸಾರ್. ಮಲಗಿವೆ."

ಎದುರು ಮಾತಾಡಿದ್ದು ಅವಳಿಗೇ ಹೊಸದು. ಬ್ರಷ್ಷಿನ ತುದಿಯಿಂದ ಒಂದನ್ನು ಮುಟ್ಟಿದಳು. ನಿದ್ದೆ ಕೆಡಿಸಿದ್ದಕ್ಕೆ ಬೇಸರವಾದಂತೆ ಹುಳು ಮೆಲ್ಲಗೆ ಮಗ್ಗುಲು ಬದಲಿಸಿತು. ಸಾಹೇಬರು ಒಂದು ತಿಂಗಳ ಗಡುವು ಕೊಟ್ಟರು.

ಅವಳು ತಟ್ಟೆಯನ್ನು ಬೆಚ್ಚನೆಯ ಕೋಣೆಗೆ ಸಾಗಿಸಿದಳು. ಭಾನುವಾರವೂ ಬಂದಳು, ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಕಾಯುವವರಿರಲಿಲ್ಲ. ಇದ್ದಷ್ಟು ದಿನ ಅಮ್ಮನದು ಒಂದೇ ಮಾತು. ಶಾಲೆಯ ಪ್ರವಾಸಕ್ಕೆ, ಬಂದ ಸಂಬಂಧಕ್ಕೆ, ದೂರದೂರಿನ ಕೆಲಸಕ್ಕೆ, ಎಲ್ಲಕ್ಕೂ "ಈಗ ಬೇಡ ಕಣೇ." ಮಗಳಿಗೆ ನಲವತ್ತಾರು ತುಂಬಿದರೂ ಆ 'ಈಗ' ಮುಗಿದಿರಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ತಟ್ಟೆಗೆ ಮುಚ್ಚಿದ್ದ ಬಲೆಯೊಳಗೆ ಗುಂಯ್ ಎಂದಿತು. ನಲವತ್ತು ಹುಳುಗಳಲ್ಲಿ ಮೂವತ್ತೊಂದು ನೊಣವಾಗಿ, ಮುದುಡಿದ ರೆಕ್ಕೆ ಬಿಚ್ಚುತ್ತ ಕೂತಿದ್ದವು. ಸುತ್ತ ತಿರುಗಿ ನೋಡಿದಳು. ಹೇಳಿಕೊಳ್ಳಲು ಯಾರೂ ಇಲ್ಲ. ಅಕ್ಕನಿಗೆ ಫೋನ್ ಮಾಡಿದಳು.

"ನೊಣ ಹುಟ್ಟಿದ್ದಕ್ಕೆ ಫೋನಾ? ತಲೆ ನೆಟ್ಟಗಿದೆಯೇನೇ ನಿಂಗೆ?"

ನಗಲು ಹೋದವಳು ನಗಲಾರದೆ ಕೇಳಿದಳು: "ಅಕ್ಕಾ, ನಾನು ಹೊಟ್ಟೇಲಿದ್ದಾಗ ಅಮ್ಮ ಹೇಗಿದ್ಲು?"

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಅಪ್ಪ ತೀರ್ಕೊಂಡು ಎರಡು ತಿಂಗಳಾಗಿತ್ತು. ಕಿಟಕಿ ತೆಗೆಯೋಕೂ ಬಿಡ್ತಿರ್ಲಿಲ್ಲ. ನೀನು ಹುಟ್ಟೋವರೆಗೂ ಹೊಸಿಲು ದಾಟಲಿಲ್ಲ ಅವಳು. ಎಂಟು ವರ್ಷದವಳು, ನಾನೇ ತಟ್ಟೆ ಹಿಡ್ಕೊಂಡು ತಿನ್ನಿಸ್ತಿದ್ದೆ. ಯಾಕೆ, ಈಗ್ಯಾಕೆ ಕೇಳ್ತೀಯ?"

ಅವಳು ಬಲೆಯೊಳಗಿನ ನೊಣಗಳತ್ತ ನೋಡಿದಳು. ಅಮ್ಮನ ಮೇಲೆ ಇಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟಿನ ಗಂಟು ಸಡಿಲವಾಯಿತು. ಅದೂ ಹೋದ ಮೇಲೆ ಇನ್ನಷ್ಟು ಒಂಟಿ ಎನಿಸಿತು.

"ನಾನು ನಿಮ್ಮನೆಗೆ ಬರ್ಲಾ?"

"ಬಾ. ಆದ್ರೆ ಮೊಮ್ಮಗಳ ಪಕ್ಕ ಮಲಗ್ಬೇಕು ನೋಡು. ನಿದ್ದೇಲಿ ಒದೀತಾಳೆ."

ಅವಳು ರಜೆಯ ಅರ್ಜಿ ಬರೆಯಲು ಕೂತಳು. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಹೊಳೆಯಲಿಲ್ಲ. ಕೊನೆಗೆ 'ಅಕ್ಕನ ಮನೆಗೆ' ಎಂದಷ್ಟೇ ಬರೆದು ಕೊಟ್ಟಳು.